ಗಣಕಜಾಲದ ಶಾಸ್ತ್ರವೂ ನಮ್ಮ ಕಂಠಪಾಠವೂ

ಶಾಸ್ತ್ರವು ಯಾವ ದೇಶದಲ್ಲಿ, ಯಾವ ಭಾಷೆಯಲ್ಲಿ ಹುಟ್ಟಿದರೂ, ಕಲಿಯುವವನ ಬುದ್ಧಿಯಲ್ಲಿ ಇನ್ನೊಮ್ಮೆ ಹುಟ್ಟಿದ ಹೊರತು ಅವನದಾಗುವುದಿಲ್ಲ. ಈ ಮಾತನ್ನು ಒಪ್ಪದವರು ವಿರಳ. ಆದರೆ ಒಪ್ಪಿ ಅದರಂತೆ ನಡೆಯುವವರು ಇನ್ನೂ ವಿರಳ. ನಮ್ಮ ರಾಜ್ಯದ ತಾಂತ್ರಿಕ ಮಹಾವಿದ್ಯಾಲಯಗಳಲ್ಲಿ ಗಣಕಯಂತ್ರಗಳ ಜಾಲವನ್ನೂ, ಅದರ ರಚನಾಕ್ರಮವನ್ನೂ, ಯಂತ್ರವು ಯಂತ್ರದೊಡನೆ ಸಂಭಾಷಿಸುವಾಗ ಪಾಲಿಸತಕ್ಕ ಪ್ರೋಟೋಕಾಲುಗಳೆಂಬ ನಿಯಮಗಳನ್ನೂ ಕಲಿಸುತ್ತಿರುವ ಪರಿಯನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಕೈಕೊಂಡಿದ್ದೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಶಾಸ್ತ್ರವನ್ನು ನಮ್ಮ ಮಕ್ಕಳಿಗೆ ಕಲಿಸುತ್ತಿಲ್ಲ, ಒಪ್ಪಿಸುವಂತೆ ಮಾಡುತ್ತಿದ್ದಾರೆ. ಇದಕ್ಕೆ ಯಂತ್ರಗಳ ಅಭಾವವು ಕಾರಣವಲ್ಲ, ಮಕ್ಕಳ ಮಂದಬುದ್ಧಿಯೂ ಕಾರಣವಲ್ಲ. ಅರ್ಥವನ್ನು ಕೇಳದ ಪರೀಕ್ಷೆಯೂ, ಮನೆಯ ಮಾತನ್ನು ಹೊರಗಿಟ್ಟ ಬೋಧನೆಯೂ ಕಾರಣ.

“ವ್ಯಾಕರಣವನ್ನೂ ತರ್ಕವನ್ನೂ ಓದಿದ ಪಾಠಶಾಲೆಯ ಪಂಡಿತನಿಗೆ ಗಣಕಜಾಲದ ಗೊಡವೆ ಏಕೆ?” ಎಂದು ಕೆಲವರು ಕೇಳಬಹುದು. ಅಡುಗೆ ಮಾಡಲಾರದವನೂ ಸಾರಿಗೆ ಉಪ್ಪಿಲ್ಲವೆಂದು ಹೇಳಬಲ್ಲನು. ಮೂರು ದಶಕಕ್ಕೆ ಮೀರಿ ಮಕ್ಕಳ ಮುಖ ನೋಡಿಕೊಂಡು ಪಾಠ ಹೇಳಿದವನಿಗೆ, ಯಾವ ಮುಖದಲ್ಲಿ ವಿಷಯವು ಇಳಿದಿದೆ, ಯಾವ ಮುಖದಲ್ಲಿ ತೇಲುತ್ತಿದೆ ಎಂಬುದು ವಿಷಯ ಯಾವುದೇ ಆದರೂ ತಿಳಿಯುತ್ತದೆ. ಅದಲ್ಲದೆ, ವಿಶ್ರಾಂತಿಯ ಕಾಲದಲ್ಲಿ ಈ ಶಾಸ್ತ್ರದ ಗ್ರಂಥಗಳನ್ನು ಹಳೆಯ ಶಿಷ್ಯರ ಸಹಾಯದಿಂದ ಓದಿನೋಡಿದ್ದೇನೆ. ಇದು ಮಂತ್ರವಿದ್ಯೆಯಲ್ಲ, ಯುಕ್ತಿಯಿಂದ ಯುಕ್ತಿಗೆ ನಡೆಯುವ ಶಾಸ್ತ್ರ. ಆದಕಾರಣವೇ ಇದನ್ನು ಮಂತ್ರದಂತೆ ಒಪ್ಪಿಸುವುದನ್ನು ಕಂಡಾಗ ಸಂಕಟವಾಗುತ್ತದೆ.

ಈ ವಿಷಯವು ಬೆಂಗಳೂರಿನವರಿಗೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ತಿಳಿಯಬಾರದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 1997ರಲ್ಲಿ, ಹೊಸಪೇಟೆಯಲ್ಲಿ ಪ್ರೌಢದೇವರಾಯನ ಹೆಸರಿನ ತಾಂತ್ರಿಕ ವಿದ್ಯಾಲಯವು ಆರಂಭವಾಗಿತ್ತು. ಅಂದಿನಿಂದ ಕಂಪ್ಲಿಯ ಭತ್ತದ ಗದ್ದೆಯವರ ಮಕ್ಕಳು, ಸಂಡೂರಿನ ಗಣಿಯಲ್ಲಿ ದುಡಿದವರ ಮಕ್ಕಳು, ಹಂಪಿ ಕಮಲಾಪುರಗಳ ಬಾಳೆತೋಟದವರ ಮಕ್ಕಳು ಊರಿನ ಬಳಿಯಲ್ಲಿಯೂ ದೂರದಲ್ಲಿಯೂ ಈ ವಿದ್ಯೆಯನ್ನು ಕಲಿಯಲು ಹೋಗುತ್ತಿದ್ದಾರೆ. ತಾಯಿಯ ಬಳೆ ಅಡವಿಗೆ ಹೋದದ್ದುಂಟು, ತಂದೆಯ ಎಕರೆ ಕ್ರಯವಾದದ್ದುಂಟು. ಇಷ್ಟು ವ್ಯಯಮಾಡಿ ನಾಲ್ಕು ವರ್ಷಗಳ ಬಳಿಕ ಮನೆಗೆ ಬರುವುದು ವಿದ್ಯೆಯೋ, ವಿದ್ಯೆಯ ಹೆಸರು ಬರೆದ ಕಾಗದವೋ ಎಂಬುದನ್ನು ವಿಚಾರಿಸುವ ಹಕ್ಕು ಪ್ರತಿಯೊಂದು ಮನೆಗೂ ಉಂಟು.

ಇಲ್ಲಿ ಒಂದು ನಿದರ್ಶನವನ್ನು ಹೇಳುವೆನು. ಯಾವ ಕಾಲೇಜು ಎಂಬುದು ಬೇಡ. ದೋಷವು ಒಂದು ಸಂಸ್ಥೆಯದಲ್ಲ. ಹಿಂದೆ ನನ್ನ ಬಳಿ ಸಂಸ್ಕೃತವನ್ನೋದಿದ ಕಂಪ್ಲಿಯ ಕಡೆಯ ಬಾಲಿಕೆಯೊಬ್ಬಳು ಈಗ ಈ ಶಾಸ್ತ್ರವನ್ನು ಓದುತ್ತಿದ್ದಾಳೆ. ಜಾಲದ ಎರಡು ಯಂತ್ರಗಳು ಮಾತು ಆರಂಭಿಸುವ ಮುನ್ನ ಮೂರು ಸಂದೇಶಗಳ ವಿನಿಮಯವಾಗಬೇಕೆಂಬ ಟಿ.ಸಿ.ಪಿ. ಎಂಬ ನಿಯಮದ ವಿಧಿಯನ್ನು ಅವಳು ಚಿತ್ರಸಹಿತವಾಗಿ ಬರೆದು ಪೂರ್ಣಾಂಕ ಪಡೆದಿದ್ದಳು. “ಮೂರೇ ಏಕೆ ತಾಯಿ? ಎರಡು ಸಾಲದೆ? ನಾಲ್ಕು ಬೇಡವೆ?” ಎಂದು ಕೇಳಿದೆನು. ಅವಳು ಸುಮ್ಮನಾದಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲವಂತೆ.

ಉತ್ತರವು ಕಠಿಣವಾದುದೇನೂ ಅಲ್ಲ. ಕಂಪ್ಲಿಯ ದಡದಲ್ಲಿ ನಿಂತವನೊಬ್ಬನು ಹೊಳೆಯ ಆಚೆಯವನನ್ನು ಕೂಗುತ್ತಾನೆಂದು ತಿಳಿಯೋಣ. “ನನ್ನ ಲೆಕ್ಕ ನೂರರಿಂದ ಮೊದಲು” ಎಂದು ಈತನು ಕೂಗಿದನು. “ನಿನ್ನ ನೂರು ಕೇಳಿಸಿತು, ನನ್ನದು ಐನೂರರಿಂದ” ಎಂದು ಆತನು ಕೂಗಿದನು. ಇಲ್ಲಿಗೆ ಬಿಟ್ಟರೆ, ತನ್ನ ಐನೂರು ಈಚೆಗೆ ಮುಟ್ಟಿತೋ ಗಾಳಿಗೆ ಹೋಯಿತೋ ಎಂಬುದು ಆಚೆಯವನಿಗೆ ತಿಳಿಯದು. “ನಿನ್ನ ಐನೂರು ಕೇಳಿಸಿತು” ಎಂಬ ಮೂರನೆಯ ಕೂಗಿನಿಂದ ಇಬ್ಬರ ಸಂದೇಹವೂ ಪರಿಹಾರವಾಗುತ್ತದೆ. ಇನ್ನೊಂದು ಕಾರಣವೂ ಉಂಟು, ಅದೇ ಮುಖ್ಯವಾದುದು. ಜಾಲದಲ್ಲಿ ಹಿಂದೆಂದೋ ಹೊರಟು ದಾರಿಯಲ್ಲಿ ತಡೆದು ನಿಂತಿದ್ದ ಹಳೆಯ ಕೂಗೊಂದು ಈಗ ಬಂದು ಮುಟ್ಟಬಹುದು. ಎರಡೇ ಸಂದೇಶಗಳ ವಿಧಿಯಿದ್ದರೆ ಆಚೆಯವನು ಆ ಸತ್ತ ಕೂಗನ್ನೇ ನಿಜವೆಂದು ನಂಬಿ ಮಾತಿಗೆ ಸಿದ್ಧನಾಗುವನು. ಮೂರನೆಯದನ್ನು ಕಾಯುವ ವಿಧಿಯಿದ್ದರೆ ಮೋಸಹೋಗನು. ನಾಲ್ಕನೆಯದರಿಂದ ಹೊಸದಾಗಿ ತಿಳಿಯತಕ್ಕದ್ದೇನೂ ಇಲ್ಲವಾದುದರಿಂದ ಅದು ಗೌರವದೋಷ. ಇಷ್ಟನ್ನು ಕೇಳಿದ ಆ ಬಾಲಿಕೆಯು ಕಾಲುಗಂಟೆಯಲ್ಲಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿದ್ದಲ್ಲದೆ, “ಹಾಗಾದರೆ ಮೂರನೆಯದೇ ಕಳೆದುಹೋದರೆ?” ಎಂದು ನನ್ನನ್ನೇ ಪ್ರಶ್ನಿಸಿದಳು. ವಿದ್ಯೆಯು ಹುಟ್ಟುವುದು ಆ ಪ್ರಶ್ನೆಯಲ್ಲಿ. ಪೂರ್ಣಾಂಕ ಕೊಟ್ಟ ಪರೀಕ್ಷೆಯು ಅದನ್ನು ಕೇಳಲೂ ಇಲ್ಲ, ಕೇಳಗೊಡಲೂ ಇಲ್ಲ.

ಇನ್ನೊಂದನ್ನು ನೋಡಿರಿ. ಜಾಲದ ಕಾರ್ಯವನ್ನು ಏಳು ಸ್ತರಗಳಾಗಿ ವಿಂಗಡಿಸುವ ಮಾದರಿಯೊಂದನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಪ್ರಕಟಿಸಿತು. ನಮ್ಮ ವಿದ್ಯಾರ್ಥಿಗಳು ಆ ಏಳು ಹೆಸರುಗಳ ಮೊದಲಕ್ಷರಗಳಿಂದ ಇಂಗ್ಲಿಷಿನ ಹಾಸ್ಯವಾಕ್ಯವೊಂದನ್ನು ಮಾಡಿಕೊಂಡು ಜಪಿಸುತ್ತಾರೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಈ ಪಟ್ಟಣಕ್ಕೆ ಏಳು ಸುತ್ತಿನ ಕೋಟೆಯೆಂದು ಬರೆದಿಟ್ಟನಷ್ಟೆ. ಆ ಏಳರ ಹೆಸರುಗಳನ್ನು ಒಪ್ಪಿಸಿದವನು ಪಟ್ಟಣವನ್ನು ಕಂಡಂತಾಯಿತೆ? ಇಂದು ಲೋಕವನ್ನು ವ್ಯಾಪಿಸಿರುವ ಅಂತರ್ಜಾಲವು ಆ ಏಳರ ಮಾದರಿಯಂತೆ ಕಟ್ಟಿದ್ದಲ್ಲ. ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ಯೋಜನೆಯಿಂದ ಬೆಳೆದು, 1983ರ ಜನವರಿ 1ರಂದು ಅರ್ಪಾನೆಟ್ಟಿನಲ್ಲಿ ಜಾರಿಗೆ ಬಂದ ಟಿ.ಸಿ.ಪಿ., ಐ.ಪಿ. ಎಂಬ ನಿಯಮಗಳ ಮೇಲೆ ಅದು ನಿಂತಿದೆ. ಅಲ್ಲಿ ಏಳರ ಮಾತಿಲ್ಲ. ನಾಲ್ಕೋ ಐದೋ ಸ್ತರಗಳಲ್ಲಿ ಕಾರ್ಯವು ಮುಗಿಯುತ್ತದೆ. ಹಾಗಾದರೆ ಏಳನ್ನೇಕೆ ಕಲಿಯಬೇಕು? ಕಾರ್ಯವನ್ನು ವಿಭಾಗಿಸಿ, ಒಂದು ಸ್ತರವು ಮತ್ತೊಂದರ ಒಳಗುಟ್ಟನ್ನು ತಿಳಿಯದೆಯೇ ಅದರ ಸೇವೆಯನ್ನು ಪಡೆಯುವಂತೆ ಮಾಡುವ ಯುಕ್ತಿ ಯಾವುದೆಂದು ತಿಳಿಯುವುದಕ್ಕಾಗಿ. ಅಂಚೆಯವನು ಪತ್ರದೊಳಗಿನ ವಿಷಯವನ್ನು ಓದದೆ ಮೇಲಿನ ವಿಳಾಸದಿಂದಲೇ ಕಾರ್ಯ ನಡೆಸುತ್ತಾನಲ್ಲವೆ? ಈ ತಾತ್ಪರ್ಯವನ್ನು ಬಿಟ್ಟು ಹೆಸರುಗಳನ್ನು ಮಾತ್ರ ಹಿಡಿದವನು ಕಾಯಿ ಎಸೆದು ಸಿಪ್ಪೆ ಕಟ್ಟಿಕೊಂಡವನು.

ಇಲ್ಲಿ ನನ್ನ ಮೇಲೆಯೇ ಬಾಣವನ್ನು ತಿರುಗಿಸುವವರಿದ್ದಾರೆ. “ಕಂಠಪಾಠವನ್ನು ಈ ದೇಶಕ್ಕೆ ಕಲಿಸಿದವರೇ ನಿಮ್ಮ ಪಾಠಶಾಲೆಯವರು, ಈಗ ಅದನ್ನು ದೂಷಿಸುವಿರೇನು?” ಎಂಬುದು ಅವರ ಆಕ್ಷೇಪಣೆ. ಸಮಾಧಾನವನ್ನು ಕೇಳಿರಿ. ನಾವು ಬಾಯಿಪಾಠ ಮಾಡಿದ್ದು ನಿಜ. ಆದರೆ ಅದು ವಿದ್ಯೆಯ ಆರಂಭವಾಗಿತ್ತೇ ಹೊರತು ಅಂತ್ಯವಾಗಿರಲಿಲ್ಲ. ಸೂತ್ರವು ಬಾಯಿಗೆ ಬಂದ ಮೇಲೆ ವೃತ್ತಿ, ವೃತ್ತಿಯ ಮೇಲೆ ಶಂಕೆ, ಶಂಕೆಗೆ ಪರಿಹಾರ, ಕೊನೆಗೆ ವಾಕ್ಯಾರ್ಥದ ಸಭೆಯಲ್ಲಿ ಎದುರಾಳಿಯು “ಈ ಪದವೇಕೆ? ಇದನ್ನು ತೆಗೆದರೆ ಏನು ಹಾನಿ?” ಎಂದು ಕೇಳಿದಾಗ ಬಾಯಿಪಾಠವು ಯಾರನ್ನೂ ಕಾಪಾಡುತ್ತಿರಲಿಲ್ಲ. ವೇದವನ್ನೋದಿ ಅರ್ಥವನ್ನರಿಯದವನನ್ನು ನಿರುಕ್ತವು ಹೊರೆ ಹೊತ್ತ ಕಂಬಕ್ಕೆ ಹೋಲಿಸುತ್ತದೆ. ನಮ್ಮ ಹಿಂದಿನವರೇ ಹೀಗೆ ನಿಂದಿಸಿದ್ದನ್ನು ಇಂದಿನ ಪರೀಕ್ಷೆಯು ಪದವಿಯಿತ್ತು ಪುರಸ್ಕರಿಸುತ್ತಿದೆ.

ವೇದದ ಕಂಠಪಾಠದಲ್ಲಿಯೂ ಯುಕ್ತಿಯಿಲ್ಲದಿರಲಿಲ್ಲ. ಕ್ರಮಪಾಠದಲ್ಲಿ ಒಂದು ಎರಡು, ಎರಡು ಮೂರು ಎಂದು ಪದಗಳನ್ನು ಜೋಡಿಸುತ್ತಾರೆ. ಜಟೆಯಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಎಂದು ಹೆಣೆಯುತ್ತಾರೆ. ಘನದಲ್ಲಿ ಮೂರು ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೇಳುತ್ತಾರೆ. ಒಂದು ಪದ ಬಿಟ್ಟುಹೋದರೂ ಸ್ಥಾನ ಪಲ್ಲಟವಾದರೂ ಅದು ತಟ್ಟನೆ ಗೋಚರಿಸಲೆಂಬುದೇ ಇದರ ಫಲ. ಗಣಕಜಾಲದಲ್ಲಿಯೂ ಸಂದೇಶದ ಶುದ್ಧಿಯನ್ನು ಪರೀಕ್ಷಿಸಲು ಅದರೊಡನೆ ಹೆಚ್ಚಿನ ಅಂಕಗಳನ್ನು ಸೇರಿಸಿ ಕಳುಹಿಸುತ್ತಾರೆ. ಈಗ ಅಧ್ಯಾಪಕರು ಕೇಳತಕ್ಕ ಪ್ರಶ್ನೆಯೊಂದನ್ನು ಸೂಚಿಸುತ್ತೇನೆ. ಟಿ.ಸಿ.ಪಿ.ಯ ಶುದ್ಧಿಪರೀಕ್ಷೆಯು ಹದಿನಾರು ಬಿಟ್ಟುಗಳ ತುಂಡುಗಳನ್ನು ಕೂಡಿಸಿ ಬಂದ ಮೊತ್ತದಿಂದ ನಡೆಯುತ್ತದೆ. ಎರಡು ತುಂಡುಗಳು ಸ್ಥಾನ ಬದಲಿಸಿಕೊಂಡರೆ ಈ ಪರೀಕ್ಷೆಗೆ ದೋಷವು ಸಿಕ್ಕುವುದೋ? ಸಿಕ್ಕದು, ಏಕೆಂದರೆ ಎರಡಕ್ಕೆ ಮೂರು ಕೂಡಿದರೂ ಮೂರಕ್ಕೆ ಎರಡು ಕೂಡಿದರೂ ಮೊತ್ತವೊಂದೇ. ಈಥರ್‌ನೆಟ್ಟಿನ ಸ್ತರದಲ್ಲಿ ಭಾಗಾಕಾರದ ಶೇಷವನ್ನವಲಂಬಿಸಿದ ಬೇರೆ ಪರೀಕ್ಷೆಯಿರುವುದರಿಂದ ಅಲ್ಲಿ ಇಂಥ ಪಲ್ಲಟವು ಸಿಕ್ಕಿಬೀಳುತ್ತದೆ. ಪದಗಳ ಆನುಪೂರ್ವಿಯ ರಕ್ಷಣೆಗೆಂದೇ ಕ್ರಮಪಾಠವನ್ನು ಕಲಿತ ಪಾಠಶಾಲೆಯ ಹುಡುಗನಿಗೆ ಇದು ಕ್ಷಣಮಾತ್ರದಲ್ಲಿ ಹೊಳೆಯುತ್ತದೆ. ವ್ಯಾಖ್ಯೆಯನ್ನು ಮಾತ್ರ ಉರುಹಾಕಿದವನಿಗೆ ನಾಲ್ಕು ವರ್ಷಗಳಾದರೂ ಹೊಳೆಯದು.

ಆದರೆ ಈ ಸಾಮ್ಯವನ್ನು ಹಿಡಿದು, “ಅಂತರ್ಜಾಲವೂ ನಮ್ಮ ಋಷಿಗಳದ್ದೇ” ಎಂದು ಹೊರಡುವವರ ಗುಂಪಿಗೆ ನನ್ನನ್ನು ಸೇರಿಸಬಾರದು. ಗಣಕಯಂತ್ರಕ್ಕೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ಅಮೆರಿಕದ ನಾಸಾ ಸಂಸ್ಥೆಯು ಸಾರಿದೆಯೆಂಬ ಮಾತು ಸಭೆ ಸಭೆಗಳಲ್ಲಿ ಕೇಳಬರುತ್ತದೆ. ಮೂಲವಿಷಯವೇನೆಂದರೆ, 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ವಿದ್ವಾಂಸನು, ನಮ್ಮ ಶಾಬ್ದಿಕರು ವಾಕ್ಯಾರ್ಥವನ್ನು ಬಿಡಿಸಿ ಹೇಳುವ ಪದ್ಧತಿಗೂ ಕೃತಕಬುದ್ಧಿಯ ಶಾಸ್ತ್ರದಲ್ಲಿ ಅರ್ಥವನ್ನು ನಿರೂಪಿಸುವ ಪದ್ಧತಿಗೂ ಇರುವ ಹೋಲಿಕೆಯನ್ನು ಒಂದು ಲೇಖನದಲ್ಲಿ ತೋರಿಸಿದನು. ಅಷ್ಟೇ. ಇಲ್ಲದ ಗೌರವವನ್ನು ಆರೋಪಿಸುವುದರಿಂದ ಪಾಣಿನಿಗೆ ಹಿರಿಮೆ ಬರುವುದಿಲ್ಲ, ಇರುವ ಗೌರವವೂ ನಗೆಗೀಡಾಗುತ್ತದೆ. ಜಾಲದ ಮೊದಲ ಸಂದೇಶವು 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯದ ಎರಡು ಸಂಸ್ಥೆಗಳ ನಡುವೆ ಹೋಯಿತು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತು; ಸಾಮಾನ್ಯ ಜನರಿಗೆ ಅಂತರ್ಜಾಲವು ದೊರೆತದ್ದು 1995ರ ಆಗಸ್ಟ್ 15ರಂದು. ಅನ್ಯರಿಂದ ಬಂದುದನ್ನು ಅನ್ಯರದೆಂದು ಒಪ್ಪಿ, ಕಲಿತು, ನಮ್ಮದಾಗಿಸಿಕೊಳ್ಳುವುದೇ ಪೌರುಷ.

ನಮ್ಮದಾಗಿಸಿಕೊಳ್ಳುವುದು ಹೇಗೆ? ನಮ್ಮ ಕಣ್ಣಮುಂದಿನ ವಸ್ತುಗಳಿಂದ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಬಳಿ, ಕಳೆದ ಶತಮಾನದ 80ರ ದಶಕದಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಯನ್ನು ನೋಡದವರಾರು? ಅದರ ಕಲ್ಲುಗಳ ಮೇಲೆ ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯದು ಎಂಬುದನ್ನು ಶಿಲ್ಪಿಗಳು ಗುರುತು ಹಾಕಿದ್ದಾರೆ. ಕಲ್ಲುಗಳು ಯಾವ ಕ್ರಮದಲ್ಲಿ ಬಂದು ಬಿದ್ದರೇನು? ಗುರುತನ್ನು ನೋಡಿ ಜೋಡಿಸಿದರೆ ಕೊಳವು ಸಿದ್ಧ. ಜಾಲದಲ್ಲಿಯೂ ಒಂದು ದೊಡ್ಡ ಸಂದೇಶವನ್ನು ಪ್ಯಾಕೆಟ್ಟುಗಳೆಂಬ ಸಣ್ಣ ತುಂಡುಗಳಾಗಿ ಒಡೆದು, ಕ್ರಮಸಂಖ್ಯೆಯನ್ನಿಟ್ಟು ಕಳುಹಿಸುತ್ತಾರೆ. ಅವು ಬೇರೆ ಬೇರೆ ದಾರಿಗಳಿಂದ ಹಿಂದುಮುಂದಾಗಿ ಬಂದರೂ ಮುಟ್ಟಿದಲ್ಲಿ ಕೂಡಿಕೊಳ್ಳುತ್ತವೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಂಪ್ಲಿ ಗಂಗಾವತಿಗಳ ನಡುವಿನ ಸೇತುವೆಯು ಮುಳುಗುವುದನ್ನೂ, ಬಂಡಿ ಮೋಟಾರುಗಳು ಬೇರೆ ಸೇತುವೆಯನ್ನು ಹುಡುಕಿ ಸುತ್ತಿ ಹೋಗುವುದನ್ನೂ ಬಲ್ಲ ಹುಡುಗನಿಗೆ, ಒಂದು ದಾರಿ ಮುರಿದಾಗ ರೂಟರ್ ಎಂಬ ಯಂತ್ರವು ಇನ್ನೊಂದನ್ನು ಆರಿಸುವುದು ಆಶ್ಚರ್ಯವೆ?

ಕಾಲುವೆಯ ನೀರಿನ ಜಗಳವನ್ನು ಕಂಡವರಿಗೆ ಇನ್ನೂ ಗಹನವಾದ ವಿಷಯವೊಂದು ಸುಲಭವಾಗುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೇವಲ 400 ಗಜಗಳ ಅಂತರದ ಎರಡು ಸ್ಥಳಗಳ ನಡುವೆ, ಸೆಕೆಂಡಿಗೆ 32,000 ಬಿಟ್ಟುಗಳ ವೇಗದಲ್ಲಿ ಸಾಗುತ್ತಿದ್ದ ಸಂದೇಶವು 40 ಬಿಟ್ಟುಗಳಿಗೆ ಇಳಿದುಬಿಟ್ಟಿತು. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಪ್ರತಿಯೊಬ್ಬನೂ ತನ್ನದು ಮುಟ್ಟಲಿಲ್ಲವೆಂದು ಮತ್ತೆ ಮತ್ತೆ ಕಳುಹಿಸಿದ್ದರಿಂದ ದಾರಿಯೇ ಕಟ್ಟಿಹೋಗಿತ್ತು. ವ್ಯಾನ್ ಜೇಕಬ್‌ಸನ್ ಎಂಬಾತನು 1988ರಲ್ಲಿ ಪ್ರಕಟಿಸಿದ ಪರಿಹಾರದ ಸಾರವಿಷ್ಟು: ನಷ್ಟದ ಸೂಚನೆ ಕಂಡೊಡನೆ ಕಳುಹಿಸುವವನು ತಾನಾಗಿಯೇ ಬಹಳವಾಗಿ ತಗ್ಗಬೇಕು, ಮತ್ತೆ ಏರುವಾಗ ಸ್ವಲ್ಪ ಸ್ವಲ್ಪವಾಗಿ ಏರಬೇಕು. ಮೇಲೆ ನಿಂತು ದಂಡಿಸುವ ಅಧಿಕಾರಿಯಿಲ್ಲದೆ, ಪ್ರತಿಯೊಬ್ಬನ ಸಂಯಮದಿಂದ ಎಲ್ಲರ ಕೆಲಸವೂ ಸಾಗುವಂತೆ ಮಾಡಿದ ನಿಯಮವಿದು. ಕಾಲುವೆಯ ತಲೆಯಲ್ಲಿರುವವರು ಮಿತಿಮೀರಿ ಎಳೆದರೆ ಮಾನ್ವಿ ರಾಯಚೂರುಗಳ ಕಡೆಯ ಕೊನೆಯ ರೈತನಿಗೆ ನೀರು ಮುಟ್ಟದೆಂಬುದನ್ನು ತುಂಗಭದ್ರೆಯ ದಡದವರಿಗೆ ಹೇಳಿಕೊಡಬೇಕೆ? ಈ ಶಾಸ್ತ್ರದ ಮರ್ಮವು ನಮ್ಮ ಮಕ್ಕಳ ಅನುಭವದಲ್ಲಿಯೇ ಇದೆ. ಆ ಅನುಭವವಿರುವುದು ಕನ್ನಡದಲ್ಲಿ. ಪಾಠ ನಡೆಯುವ ಕೊಠಡಿಯಲ್ಲಿ ಮಾತ್ರ ಕನ್ನಡಕ್ಕೆ ಪ್ರವೇಶವಿಲ್ಲ.

ಪ್ರವೇಶವಿಲ್ಲವೆಂದರೆ ಪೂರ್ತಿ ನಿಜವಲ್ಲ, ಅಲಂಕಾರಕ್ಕೆ ಕರೆದಿದ್ದಾರೆ. ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಎಂಬ ಪಾಠಗಳುಂಟು. ಸಂತೋಷವೇ. ಆದರೆ ಸಂಸ್ಕೃತಿಗೆ ಕನ್ನಡ, ಬುದ್ಧಿಗೆ ಇಂಗ್ಲಿಷು ಎಂಬ ಈ ಪಾಲಾಗಾಣಿಕೆಯನ್ನು ಯಾರು ಮಾಡಿದರು? ಮನೆಯ ಹಿರಿಯಳಿಗೆ ಹಬ್ಬದ ದಿನ ಸೀರೆಯುಡಿಸಿ ಕೂರಿಸಿ, ಮನೆಯ ವ್ಯವಹಾರದಲ್ಲಿ ಒಂದು ಮಾತನ್ನೂ ಕೇಳದಿರುವುದು ಗೌರವವಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2021ರಲ್ಲಿ ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿಯಿತ್ತಿತು; ಕರ್ನಾಟಕದಲ್ಲಿ ಕೆಲವು ಕಾಲೇಜುಗಳು ಮುಂದೆ ಬಂದವು; ಸೇರಬಯಸಿದವರು ಬೆರಳೆಣಿಕೆಯಷ್ಟು. “ನೋಡಿರಿ, ಜನರಿಗೇ ಬೇಡ” ಎಂದು ಆಗ ಕೆಲವರು ನಕ್ಕರು. ಜನರಿಗೆ ಬೇಡವಾದದ್ದು ಕನ್ನಡವಲ್ಲ. ಕನ್ನಡದಲ್ಲಿ ಓದಿದವನಿಗೆ ಉದ್ಯೋಗದ ಬಾಗಿಲು ಮುಚ್ಚೀತೆಂಬ ಭಯವು ಅವರನ್ನು ತಡೆಯಿತು. ಆ ಭಯವು ನಿರಾಧಾರವೆಂದು ನಾನು ಹೇಳಲಾರೆ. ಆದುದರಿಂದಲೇ ಇಂಗ್ಲಿಷನ್ನು ಹೊರಗೆ ಹಾಕಿರೆಂಬುದು ನನ್ನ ವಾದವಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿಯೇ ಇರಲಿ, ಗ್ರಂಥವು ಇಂಗ್ಲಿಷಿನದೇ ಇರಲಿ. ವಿವರಣೆಯೂ, ಶಂಕೆಯೂ, ಸಮಾಧಾನವೂ ಕನ್ನಡದಲ್ಲಿ ನಡೆಯಲಿ. ಅರ್ಥವಾದ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಲು ಆರು ತಿಂಗಳು ಸಾಕು. ಅರ್ಥವಾಗದ್ದನ್ನು ಹೇಳಲು ಯಾವ ಭಾಷೆಯೂ ನೆರವಾಗದು.

“ಪಾರಿಭಾಷಿಕ ಪದಗಳಿಗೆ ಏನು ಮಾಡುವಿರಿ?” ಎಂಬ ಪ್ರಶ್ನೆಯು ಹಳೆಯದು. ಸಂಸ್ಕೃತ ಧಾತುಗಳಿಂದ ಉದ್ದುದ್ದದ ಹೊಸ ಪದಗಳನ್ನು ಹೊಸೆದು ಮಕ್ಕಳ ತಲೆಯ ಮೇಲೆ ಹೇರಬೇಕೆಂದು ಸಂಸ್ಕೃತ ಓದಿದ ನಾನೇ ಹೇಳುವುದಿಲ್ಲ. ಪ್ರೋಟೋಕಾಲು, ರೂಟರು, ಪ್ಯಾಕೆಟ್ಟು ಹಾಗೆಯೇ ಇರಲಿ. ಪದವು ಎಲ್ಲಿಯದಾದರೇನು, ವಾಕ್ಯವು ಕನ್ನಡದ್ದಾಗಲಿ. ಇದು ಸಾಧ್ಯವೆಂಬುದಕ್ಕೆ ನಮ್ಮೂರೇ ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಚೈನು ಕಡಿದು ಕೊಚ್ಚಿಹೋಯಿತಷ್ಟೆ. ಆ ವಾರವೆಲ್ಲ ಹೊಸಪೇಟೆಯ ಚಹದಂಗಡಿಯಲ್ಲಿ, ಕಂಪ್ಲಿಯ ಸಂತೆಯಲ್ಲಿ, ಕ್ರಸ್ಟ್ ಗೇಟು, ಕ್ಯೂಸೆಕ್ಕು, ಟಿ.ಎಂ.ಸಿ., ಸ್ಟಾಪ್ ಲಾಗು ಎಂದು ಅಕ್ಷರ ಬಾರದ ರೈತರೂ ಚರ್ಚಿಸಿದರು. ಉಳಿದ ಗೇಟುಗಳನ್ನೆಲ್ಲ ಏಕೆ ತೆರೆಯಬೇಕು, ಹರಿಯುವ ನೀರಿನಲ್ಲಿ ತಡೆಯನ್ನು ಹೇಗೆ ಇಳಿಸಬೇಕು ಎಂಬ ಯುಕ್ತಿಗಳನ್ನು ಕನ್ನಡದಲ್ಲಿಯೇ ತೂಗಿನೋಡಿದರು. ಯಾವ ಪದಕೋಶಕ್ಕೂ ಅವರು ಕಾಯಲಿಲ್ಲ. ಎದುರಿಗೆ ನಿಜವಾದ ವಿಷಯವಿತ್ತು, ಅರಿಯಬೇಕೆಂಬ ಆತುರವಿತ್ತು, ಭಾಷೆಯು ತಾನಾಗಿ ಒದಗಿತು.

ಕನ್ನಡಕ್ಕೆ ಶಾಸ್ತ್ರವು ಹೊಸದೂ ಅಲ್ಲ. ರಾಜಾದಿತ್ಯನು ಹನ್ನೆರಡನೆಯ ಶತಮಾನದಲ್ಲಿಯೇ ಗಣಿತವನ್ನು ಕನ್ನಡದಲ್ಲಿ ಬರೆದನು. ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಮಿತ್ರರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಆಗ ಓದುಬರಹ ಬಲ್ಲವರು ಎಷ್ಟು ಜನ? ಇಂದು ಮನೆಗೊಬ್ಬ ಪದವೀಧರನಿದ್ದೂ ನಮಗೆ ಧೈರ್ಯ ಸಾಲದೆಂದರೆ ಅದು ಭಾಷೆಯ ಬಡತನವೆ, ನಮ್ಮ ಬಡತನವೆ?

ದೂರುವುದು ಸುಲಭ, ದಾರಿ ತೋರುವುದು ಕಷ್ಟವೆಂಬ ಮಾತಿದೆಯಾದುದರಿಂದ ನಾಲ್ಕು ಸೂಚನೆಗಳನ್ನು ಮಾಡಿ ಮುಗಿಸುತ್ತೇನೆ. ಮೊದಲನೆಯದು: ಪ್ರತಿಯೊಂದು ಪ್ರಶ್ನಪತ್ರಿಕೆಯಲ್ಲಿಯೂ ಅರ್ಧದಷ್ಟಾದರೂ “ಏಕೆ?” ಎಂಬ ಪ್ರಶ್ನೆಗಳಿರಬೇಕು, ಹಿಂದಿನ ವರ್ಷಗಳ ಪ್ರಶ್ನೋತ್ತರಗಳ ಕಟ್ಟಿನಿಂದ ಉತ್ತರಿಸಬಹುದಾದ ಪತ್ರಿಕೆಯನ್ನು ಪರೀಕ್ಷೆಯೆಂದು ಕರೆಯಬಾರದು. ಎರಡನೆಯದು: ಪ್ರಯೋಗಶಾಲೆಯಲ್ಲಿ ಹಿಂದಿನವರ ದಾಖಲೆಪುಸ್ತಕವನ್ನು ನಕಲು ಮಾಡುವುದು ನಿಂತು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕಣ್ಣಿಂದ ಪ್ಯಾಕೆಟ್ಟುಗಳನ್ನು ನೋಡಬೇಕು. ವೈರ್‌ಷಾರ್ಕ್ ಎಂಬ ತಂತ್ರಾಂಶವು ಧರ್ಮಾರ್ಥವಾಗಿ ದೊರೆಯುತ್ತದೆ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ. ಜಾಲದ ನಿಯಮಗಳ ಮೂಲಪತ್ರಗಳೂ 1969ರಿಂದ ಸಾರ್ವಜನಿಕರಿಗೆ ತೆರೆದಿವೆ. ಹಣವಿಲ್ಲವೆಂಬ ನೆಪವು ಇಲ್ಲಿ ಸಲ್ಲದು. ಮೂರನೆಯದು: ಹಂಪಿಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವೂ, ಸುತ್ತಲಿನ ತಾಂತ್ರಿಕ ವಿದ್ಯಾಲಯಗಳೂ ಕೈಗೂಡಿಸಿ, ಈ ಶಾಸ್ತ್ರದ ಪ್ರವೇಶಗ್ರಂಥವೊಂದನ್ನು ತಿಳಿಗನ್ನಡದಲ್ಲಿ ಹೊರತರಬೇಕು, ಶಬ್ದಾನುವಾದವು ಬೇಡ, ಕಲಿಸಿದವನ ಸ್ವಂತ ಬರಹ ಬೇಕು. ಇವೆರಡರ ನಡುವೆ ಇರುವ ಅಂತರವು ಕೆಲವು ಮೈಲಿಗಳು ಮಾತ್ರ. ನಾಲ್ಕನೆಯದು ನಮ್ಮಂಥ ಸಾಹಿತ್ಯಸಂಘಗಳಿಗೆ: ಕವಿಗೋಷ್ಠಿ ನಡೆಸುವ ವೇದಿಕೆಯ ಮೇಲೆ ವರ್ಷಕ್ಕೆರಡು ಬಾರಿಯಾದರೂ ತಾಂತ್ರಿಕ ವಿದ್ಯಾರ್ಥಿಗಳ ವಾಕ್ಯಾರ್ಥಸಭೆ ನಡೆಯಲಿ. ತಾನು ಓದಿದ್ದನ್ನು ತನ್ನ ಊರಿನವರಿಗೆ ತನ್ನ ಮಾತಿನಲ್ಲಿ ಹೇಳಿ, ಅವರ ಶಂಕೆಗಳಿಗೆ ನಿಂತು ಉತ್ತರಿಸಬಲ್ಲವನಿಗೆ ನಾವೂ ಒಂದು ಪುರಸ್ಕಾರವನ್ನು ಕೊಡೋಣ.

ತಂದೆತಾಯಿಗಳಲ್ಲಿ ಒಂದು ಬಿನ್ನಹವುಂಟು. ಮಕ್ಕಳು ಕಾಲೇಜಿನಿಂದ ಬಂದಾಗ “ಎಷ್ಟು ಅಂಕ ಬಂತು?” ಎಂದು ಕೇಳುತ್ತೀರಿ. ಇನ್ನು ಮೇಲೆ “ಇಂದು ಏನು ಕಲಿತೆ, ನನಗೆ ತಿಳಿಯುವಂತೆ ಹೇಳು” ಎಂದು ಕೇಳಿರಿ. “ನಿಮಗೆ ತಿಳಿಯುವುದಿಲ್ಲ ಬಿಡಿ” ಎಂಬ ಉತ್ತರವು ಬಂದರೆ ಕೋಪಿಸಿಕೊಳ್ಳಬೇಡಿರಿ. ಅವರಿಗೂ ಯಾರೂ ತಿಳಿಯಹೇಳಿಲ್ಲವೆಂದು ಅರಿತು, ಕಾಲೇಜಿನ ಬಾಗಿಲಿಗೆ ಹೋಗಿ ಕಾರಣ ಕೇಳಿರಿ.